ಒಂದು ಅಂಚು, ಒಬ್ಬ ಯಜಮಾನ: ಅಮೂರ್ತ ನಿಸರ್ಗಚಿತ್ರದಲ್ಲಿ ಬಣ್ಣ ಮತ್ತು ಗೆರೆ

ಗುಡ್ಡದ ಮೇಲಂಚಿಗೆ ಒಂದು ಕಪ್ಪು ಗೆರೆ ಎಳೆದು, ಅದರ ಕೆಳಗೆ ನೀಲಿ, ಮೇಲೆ ತಿಳಿಹಳದಿ ತುಂಬಿದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ನೀಲಿ ಮುಗಿದು ಹಳದಿ ಶುರುವಾಗುವ ಜಾಗವೇ ಗುಡ್ಡದ ಅಂಚು, ಅಲ್ಲಿ ಗೆರೆಗೆ ಕೆಲಸವಿಲ್ಲ. ಅಮೂರ್ತ ನಿಸರ್ಗಚಿತ್ರ ಬಣ್ಣ ತುಂಬಿದ ನಕ್ಷೆಯಂತೆ ಕಾಣುವುದಕ್ಕೆ ಬಹುಪಾಲು ಕಾರಣ ಇದೇ. ಹಾಗಾಗಿ ನಾನು ಒಂದು ಕಟ್ಟಳೆ ಇಟ್ಟುಕೊಂಡಿದ್ದೇನೆ: ಪ್ರತಿ ಅಂಚಿಗೂ ಒಬ್ಬನೇ ಯಜಮಾನ. ಅಂಚನ್ನು ಬಣ್ಣ ತೋರಿಸಿದರೆ ಗೆರೆ ಬೇರೆ ಕಡೆ ಹೋಗಬೇಕು. ಗೆರೆ ತೋರಿಸಿದರೆ ಬಣ್ಣ ಅದನ್ನು ದಾಟಿ ಆಚೆ ಹರಿಯಬೇಕು. 60 × 75 ಸೆಂ.ಮೀ. ಕ್ಯಾನ್ವಾಸಿನ ಮೇಲೆ, ಅಕ್ರಿಲಿಕ್‌ನಲ್ಲಿ, ಇದನ್ನು ಹೇಗೆ ಸಾಧಿಸುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ವಿಷಯ ಸಾಧಾರಣವಾದದ್ದೇ: ಒಂದು ಗುಡ್ಡ, ಅದರ ಬುಡದಲ್ಲಿ ನೀರು, ಮುಂದೆ ಉತ್ತ ಹೊಲ, ಓರೆಯಾಗಿ ಹಾದುಹೋಗುವ ಕಾಲುದಾರಿ.

ಸ್ಥಳದಲ್ಲಿ ಕೂತಾಗಲೇ ಗೆರೆಯನ್ನೂ ಬಣ್ಣವನ್ನೂ ಬೇರೆ ಬೇರೆ ಹಾಳೆಯಲ್ಲಿ ಹಿಡಿಯುತ್ತೇನೆ. ಮೊದಲ ಹಾಳೆಯಲ್ಲಿ 6 × 7.5 ಸೆಂ.ಮೀ. ಅಳತೆಯ ಐದಾರು ಚೌಕಟ್ಟು. ಕ್ಯಾನ್ವಾಸಿನ ಅನುಪಾತವೇ ಇಲ್ಲೂ ಇರಬೇಕು, ಇಲ್ಲದಿದ್ದರೆ ದೊಡ್ಡದು ಮಾಡುವಾಗ ಓರೆಗೆರೆಗಳ ವಾಲಿಕೆ ಬದಲಾಗಿ ಕರಡಿನಲ್ಲಿದ್ದ ಬಿಗಿ ಸಡಿಲವಾಗುತ್ತದೆ. 6ಬಿ ಪೆನ್ಸಿಲ್, ಒಂದೊಂದು ಚೌಕಕ್ಕೆ ಎರಡು ನಿಮಿಷ, ಏಳು ಗೆರೆಗಿಂತ ಹೆಚ್ಚಿಲ್ಲ. ಈ ಏಳರಲ್ಲಿ ವಸ್ತುಗಳ ಹೊರಅಂಚಿಗೆ ಜಾಗ ಕೊಡುವುದಿಲ್ಲ. ಇಳಿಜಾರು ಎತ್ತ ವಾಲಿದೆ, ಉತ್ತ ಸಾಲುಗಳು ಕಣ್ಣನ್ನು ಎತ್ತ ಎಳೆಯುತ್ತವೆ, ದಾರಿ ಎಲ್ಲಿ ಕಡಿದು ಮತ್ತೆ ಎಲ್ಲಿ ಸಿಗುತ್ತದೆ — ದಿಕ್ಕು ಮತ್ತು ಎಳೆತ ಮಾತ್ರ. ಎರಡನೇ ಹಾಳೆಯಲ್ಲಿ ಅದೇ ಅಳತೆಯ ಚೌಕಗಳಲ್ಲಿ ಗೆರೆಯೇ ಇಲ್ಲದೆ ತಿಳಿ, ನಡು, ಗಾಢ ಎಂಬ ಮೂರೇ ಟೋನ್‌ಗಳ ಪಟ್ಟೆಗಳು. ಬಣ್ಣವನ್ನು ಅಲ್ಲಿ ಹಚ್ಚುವುದಿಲ್ಲ, ಹೋಲಿಕೆಯಲ್ಲಿ ಬರೆದುಕೊಳ್ಳುತ್ತೇನೆ: ‘ನೀರು ಆಕಾಶಕ್ಕಿಂತ ಒಂದು ಮೆಟ್ಟಿಲು ಗಾಢ, ಹಸಿರಿನ ಕಡೆ’, ‘ಹೊಲ ಗುಡ್ಡದಷ್ಟೇ ಗಾಢ, ಆದರೆ ಬೆಚ್ಚಗೆ’. ‘ನೀಲಿ’, ‘ಕಂದು’ ಎಂದಷ್ಟೇ ಬರೆದುಕೊಂಡರೆ ವಾರದ ಮೇಲೆ ಅದರಿಂದ ಏನೂ ಹುಟ್ಟುವುದಿಲ್ಲ. ಫೋಟೊವನ್ನು ಬಣ್ಣಕ್ಕೆ ನಂಬುವುದಿಲ್ಲ. ಆಕಾಶಕ್ಕೆ ಬೆಳಕು ಹೊಂದಿಸಿದರೆ ನೆಲದ ನೆರಳು ಕಪ್ಪಾಗುತ್ತದೆ, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳಚಿಕೊಳ್ಳುತ್ತದೆ. ನೆರಳಿನೊಳಗಿನ ಬಣ್ಣವೇ ಈ ಬಗೆಯ ಚಿತ್ರಕ್ಕೆ ಜೀವಾಳ.

ಕೋಣೆಗೆ ಬಂದ ಮೇಲೆ, ಆರಿಸಿದ ಗೆರೆಚಿತ್ರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ ಟೋನ್ ಹಾಳೆಯ ಮೇಲೆ ಇಟ್ಟು ಸರಿಸುತ್ತೇನೆ. ಎರಡೂ ಸರಿಯಾಗಿ ಕೂತಾಗ ಅದು ಬರೀ ನಿಸರ್ಗದೃಶ್ಯ. ಅರ್ಧ ಸೆಂಟಿಮೀಟರ್ ಎಡಕ್ಕೋ ಕೆಳಕ್ಕೋ ಜರುಗಿಸಿದಾಗ ಇಳಿಜಾರಿನ ಗೆರೆ ಗುಡ್ಡದ ಗಾಢ ಪಟ್ಟೆಯ ನಡುವೆ ಹಾದು ನೀರಿನೊಳಗೆ ಇಳಿಯುತ್ತದೆ, ದಾರಿಯ ಗೆರೆ ಅರ್ಧ ಹೊಲದಲ್ಲಿ ಅರ್ಧ ಆಕಾಶದಲ್ಲಿ ನಿಲ್ಲುತ್ತದೆ. ಅಮೂರ್ತತೆ ಎನ್ನುವುದು ನನ್ನ ಮಟ್ಟಿಗೆ ಶುರುವಾಗುವುದು ಈ ಅರ್ಧ ಸೆಂಟಿಮೀಟರ್‌ನಲ್ಲಿ. ಒಂದು ಸೆಂಟಿಮೀಟರ್ ದಾಟಿದರೆ ಗೆರೆಗೂ ಬಣ್ಣಕ್ಕೂ ನಂಟು ಕಡಿದು ಎರಡು ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಅಂಟಿಸಿದಂತಾಗುತ್ತದೆ. ಕ್ಯಾನ್ವಾಸಿಗೆ ಬಂದಾಗ ಆ ಅರ್ಧ ಸೆಂಟಿಮೀಟರ್ ಹತ್ತು ಪಟ್ಟು, ಅಂದರೆ ಐದು ಸೆಂಟಿಮೀಟರ್ ಆಗುತ್ತದೆ.

ದಿಗಂತದ ಗೆರೆ ಮಾತ್ರ ವಿಶೇಷ ತೊಂದರೆಯ ಗೆರೆ. ಅಡ್ಡಲಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದ ಕ್ಷಣ ಮೇಲಿನದೆಲ್ಲ ಆಕಾಶ, ಕೆಳಗಿನದೆಲ್ಲ ನೆಲ ಆಗಿಬಿಡುತ್ತದೆ, ಎಂಥ ಬಣ್ಣ ಹಚ್ಚಿದರೂ ಸರಿ. ಅದನ್ನು ಮೇಲಂಚಿನಿಂದ ಐದನೇ ಒಂದು ಭಾಗಕ್ಕೆ, 60 ಸೆಂ.ಮೀ. ಎತ್ತರದಲ್ಲಿ 12 ಸೆಂ.ಮೀ.ಗೆ, ತಳ್ಳಿದರೆ ನೆಲ ಎದ್ದು ನಿಂತು ಚಪ್ಪಟೆಯಾಗುತ್ತದೆ, ಪಟ್ಟೆಗಳಿಗೆ ಜಾಗ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಅಂಚಿನಿಂದ ಅಂಚಿಗೆ ಮುಟ್ಟದ ದಿಗಂತ: ಎಡದಲ್ಲಿ ಬಣ್ಣದ ಬದಲಾವಣೆಯಾಗಿ ಶುರುವಾಗಿ, ನಡುವೆ ಕಳೆದುಹೋಗಿ, ಬಲದಲ್ಲಿ ಎರಡು ಸೆಂಟಿಮೀಟರ್ ಕೆಳಗೆ ಬರೀ ಗೆರೆಯಾಗಿ ಮತ್ತೆ ಕಾಣಿಸಿಕೊಳ್ಳುವುದು.

ನೆಲೆ, ಅಂದರೆ ಬಣ್ಣ ಹಚ್ಚುವ ಕ್ಯಾನ್ವಾಸಿನ ಮೈ, ತಯಾರಿಸುವುದು ಬೇಗ ಮುಗಿಯುವ ಕೆಲಸ. ಜೆಸ್ಸೊ (ಬಣ್ಣ ಹಿಡಿಯಲೆಂದು ಬಟ್ಟೆಗೆ ಹಚ್ಚುವ ಬಿಳಿ ಲೇಪ) ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ನಡುವೆ ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜುವುದು. ಉಜ್ಜದಿದ್ದರೆ ಬಟ್ಟೆಯ ನೇಯ್ಗೆಯ ಉಬ್ಬುಗಳಿಗೆ ಇದ್ದಿಲು ಸಿಕ್ಕಿಕೊಂಡು ಪ್ರತಿ ಗೆರೆಯೂ ಚುಕ್ಕಿಚುಕ್ಕಿಯಾಗುತ್ತದೆ. ಪೂರ್ತಿ ನುಣುಪಾದರೆ ಇದ್ದಿಲು ಹಿಡಿಯುವುದೇ ಇಲ್ಲ. ಅದರ ಮೇಲೆ ಬರ್ಂಟ್ ಸಿಯೆನ್ನಾ (ಕೆಂಗಂದು ಮಣ್ಣಿನ ಬಣ್ಣ) ಒಂದು ಪಾಲು, ಮ್ಯಾಟ್ ಮೀಡಿಯಂ (ಬಣ್ಣವೂ ಹೊಳಪೂ ಇಲ್ಲದ ಅಕ್ರಿಲಿಕ್ ಅಂಟು) ಒಂದು ಪಾಲು, ನೀರು ಒಂದು ಪಾಲು ಕಲಸಿ ಬಟ್ಟೆಯಿಂದ ಒರೆಸಿದ ತೆಳು ಪದರ. ಬಿಳಿ ನೆಲೆಯ ಮೇಲೆ ಮೊದಲು ಹಚ್ಚಿದ ಯಾವ ಬಣ್ಣವೂ ಗಾಢವಾಗಿ ಕಂಡು ಮೋಸ ಮಾಡುತ್ತದೆ. ಕಂದು ನೆಲೆಯ ಮೇಲೆ ತಿಳಿಯನ್ನೂ ಗಾಢವನ್ನೂ ಒಟ್ಟಿಗೆ ಅಳೆಯಬಹುದು. ಇನ್ನೊಂದು ಲಾಭ ಮುಂದೆ ಗೆರೆಗಳ ಮಾತು ಬಂದಾಗ ತಿಳಿಯುತ್ತದೆ.

ಇದ್ದಿಲಿನ ಗೆರೆಗಳನ್ನು ನಿಂತುಕೊಂಡೇ ಎಳೆಯುತ್ತೇನೆ. ಸುಮಾರು 40 ಸೆಂ.ಮೀ. ಕೋಲಿನ ತುದಿಗೆ ಇದ್ದಿಲನ್ನು ಟೇಪಿನಿಂದ ಕಟ್ಟಿ, ಭುಜದಿಂದ ಕೈ ಬೀಸಿ. ಮಣಿಕಟ್ಟಿನಿಂದ ಎಳೆದ ಗೆರೆ ಸುಮಾರು 15 ಸೆಂ.ಮೀ. ಆಗುತ್ತಲೇ ಬಾಗಲು ಶುರುಮಾಡುತ್ತದೆ, ಏಕೆಂದರೆ ಮಣಿಕಟ್ಟು ತಿರುಗುವುದೇ ಸಣ್ಣ ವೃತ್ತದಲ್ಲಿ. ಆ ಬಾಗು ಎಲ್ಲ ಗುಡ್ಡಗಳಿಗೂ ಒಂದೇ ಆಕಾರ ಕೊಡುತ್ತದೆ. ಎಳೆದಾದ ಮೇಲೆ ಮೆತ್ತನೆ ಬ್ರಶ್‌ನಿಂದ ಪುಡಿಯನ್ನು ಝಾಡಿಸಿ, ಹಾಲಿನಷ್ಟು ತೆಳುವಾದ ಮ್ಯಾಟ್ ಮೀಡಿಯಂ ಅನ್ನು ಸ್ಪ್ರೇ ಮಾಡುತ್ತೇನೆ. ಈ ಹೆಜ್ಜೆ ಬಿಟ್ಟರೆ ಏನಾಗುತ್ತದೆ ಎಂದು ಹಳದಿ ಹಚ್ಚಿದವರಿಗೆಲ್ಲ ಗೊತ್ತು: ಹಳದಿಗೆ ಕಪ್ಪು ಸೇರಿದರೆ ಹಸಿರು ಹುಟ್ಟುತ್ತದೆ, ತಿಳಿಹಳದಿ ಆಕಾಶ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಬ್ರಶ್‌ನಿಂದ ಮೀಡಿಯಂ ಹಚ್ಚಲು ಹೋದರೆ ಗೆರೆಯೇ ಅಳಿಸಿಹೋಗುತ್ತದೆ.

ಬಣ್ಣ ಐದೇ ಟ್ಯೂಬು (ಆವರಣದಲ್ಲಿರುವುದು ಟ್ಯೂಬಿನ ಮೇಲೆ ಬರೆದಿರುವ ವರ್ಣದ್ರವ್ಯದ ಸಂಕೇತ): ಅಲ್ಟ್ರಾಮರೀನ್ ಬ್ಲೂ (ಪಿಬಿ 29), ಯೆಲ್ಲೋ ಓಕರ್ (ಪಿವೈ 42 ಅಥವಾ 43), ಬರ್ಂಟ್ ಸಿಯೆನ್ನಾ, ಹಾನ್ಸಾ ಯೆಲ್ಲೋ, ಟೈಟೇನಿಯಂ ವೈಟ್ (ಪಿಡಬ್ಲ್ಯೂ 6). ಇವಲ್ಲದೆ ಚಿತ್ರಕ್ಕೊಂದು ‘ಜೋರು ಬಣ್ಣ’. ಈ ಚಿತ್ರದಲ್ಲಿ ಅದು ಕ್ಯಾಡ್ಮಿಯಂ ಆರೆಂಜ್. ಕಪ್ಪಿನ ಟ್ಯೂಬು ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಹೆಚ್ಚುಕಡಿಮೆ ಸಮಪಾಲಿನಲ್ಲಿ ಕಲಸಿದರೆ ಕಪ್ಪಿಗೆ ಹತ್ತಿರದ ಗಾಢ ಬರುತ್ತದೆ. ನೀಲಿ ಒಂದಿಷ್ಟು ಹೆಚ್ಚಾದರೆ ಮಳೆಮೋಡದ ಬೂದು, ಸಿಯೆನ್ನಾ ಹೆಚ್ಚಾದರೆ ಒದ್ದೆ ಮಣ್ಣು. ಇದಕ್ಕೆ ಬಿಳಿ ಸೇರಿಸುತ್ತ ಹೋದರೆ ಬೂದುಗಳ ಇಡೀ ಮನೆತನವೇ ಸಿಗುತ್ತದೆ, ಮತ್ತು ಒಂದೇ ಜೋಡಿಯಿಂದ ಹುಟ್ಟಿದ್ದರಿಂದ ಅವು ಒಂದಕ್ಕೊಂದು ಒಗ್ಗುತ್ತವೆ. ಥ್ಯಾಲೊ ಬ್ಲೂ (ಪಿಬಿ 15:3) ಇಷ್ಟಪಡುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು: ಅದರ ಬಣ್ಣ ಕೊಡುವ ಶಕ್ತಿ ಅಲ್ಟ್ರಾಮರೀನ್‌ಗಿಂತ ಬಹಳ ಹೆಚ್ಚು. ಬಿಳಿಗೆ ಥ್ಯಾಲೊ ಚುಕ್ಕಿಯಷ್ಟು ಸೇರಿಸಬೇಕೇ ಹೊರತು ಥ್ಯಾಲೊಗೆ ಬಿಳಿ ಸೇರಿಸುತ್ತ ಕೂತರೆ ಟ್ಯೂಬು ಖಾಲಿಯಾದರೂ ಬಣ್ಣ ತಿಳಿಯಾಗದು.

ಹಂಚಿಕೆಯನ್ನು ಮೊದಲೇ ನಿಶ್ಚಯಿಸುತ್ತೇನೆ: ಸುಮಾರು 70 ಪಾಲು ಬೂದಿನತ್ತ ವಾಲುವ ತಣ್ಣನೆಯ, ಮೆಲುದನಿಯ ಬಣ್ಣಗಳು, 25 ಪಾಲು ಓಕರ್ ಮತ್ತು ಮಣ್ಣು, 5 ಪಾಲು ಜೋರು ಬಣ್ಣ. ಶಾಸ್ತ್ರವೇನಲ್ಲ, ಕೈ ಹತೋಟಿಗೆ ಒಂದು ಲೆಕ್ಕ. ಈ ಐದು ಪಾಲು ಹತ್ತಾದಾಗ ಕಿತ್ತಳೆ ತನ್ನ ಬೆಲೆ ಕಳೆದುಕೊಳ್ಳುವುದನ್ನು ಕಣ್ಣಾರೆ ನೋಡಬಹುದು.

ಕಲಸಿದ ಬಣ್ಣವನ್ನು ನೇರ ಕ್ಯಾನ್ವಾಸಿಗೆ ಹಚ್ಚದೆ ಕಾಗದದ ತುಂಡಿಗೆ ಹಚ್ಚಿ ಒಣಗಿಸಿ, ಟೇಪಿನಿಂದ ಚಿತ್ರದ ಮೇಲೆ ಅಂಟಿಸಿ ನೋಡುತ್ತೇನೆ. ಎರಡು ಕಾರಣ. ಅಕ್ರಿಲಿಕ್ ಒದ್ದೆಯಿದ್ದಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಆ ಬಿಳುಪು ಹೋದಷ್ಟು ಬಣ್ಣ ಗಾಢವಾಗುತ್ತದೆ. ಒದ್ದೆಯಲ್ಲಿ ಸರಿಹೊಂದಿಸಿದ ಎರಡು ಪಟ್ಟೆಗಳು ಒಣಗಿದ ಮೇಲೆ ಜಗಳಕ್ಕೆ ನಿಲ್ಲುವುದು ಇದರಿಂದ. ಎರಡನೆಯದು ಪಕ್ಕದ ಬಣ್ಣದ ಪ್ರಭಾವ. ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲಿ ವಿವರಿಸಿದ್ದು ಇದನ್ನೇ: ನೂಲಿನ ಬಣ್ಣ ಕೆಟ್ಟಿಲ್ಲ, ಪಕ್ಕದ ನೂಲು ಅದನ್ನು ಹಾಗೆ ಕಾಣಿಸುತ್ತಿದೆ. ಕಿತ್ತಳೆಯ ಪಕ್ಕ ಇಟ್ಟ ತಟಸ್ಥ ಬೂದು ನೀಲಿಯಾಗಿ ಕಾಣುತ್ತದೆ. ಹಾಗಾಗಿ ಈ ಚಿತ್ರದ ನೀರಿನಲ್ಲಿ ನೀಲಿ ಬಹಳ ಕಡಿಮೆ. ಬಿಳಿ ಬೆರೆತ ಬೂದು ಪಟ್ಟೆಗೆ ತಾಗಿದಂತೆ ಎರಡು ಬೆರಳಗಲದ ಕಿತ್ತಳೆ ಇದೆ, ಅಷ್ಟೇ. ಕಿತ್ತಳೆಯನ್ನು ಕೈಯಿಂದ ಮುಚ್ಚಿದರೆ ನೀರು ಆರಿ ಹೋಗಿ ಸಿಮೆಂಟಿನಂತಾಗುತ್ತದೆ.

ಟೋನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಗೆರೆ ಎಲ್ಲಿ ಬೇಕು ಎಲ್ಲಿ ಬೇಡ ಎಂದು ತೀರ್ಮಾನಿಸುವುದು ಅದೇ. ಕಣ್ಣು ಅಂಚನ್ನು ಹುಡುಕುವುದು ಬಣ್ಣದ ವ್ಯತ್ಯಾಸಕ್ಕಿಂತ ಹೆಚ್ಚಾಗಿ ತಿಳಿ-ಗಾಢದ ವ್ಯತ್ಯಾಸದಿಂದ. ಗುಡ್ಡದ ನೇರಳೆ-ಬೂದು ಮತ್ತು ಹೊಲದ ಕಂದು ಒಂದೇ ಟೋನಿನಲ್ಲಿದ್ದರೆ ಬಣ್ಣ ಬೇರೆಯಾದರೂ ಅಂಚು ಕರಗುತ್ತದೆ, ಗಡಿ ಎಲ್ಲಿದೆ ಎಂದು ಹಿಡಿಯಲಾಗದೆ ಕಣ್ಣು ಜಾರುತ್ತದೆ. ಇಂಥ ಜಾಗವೇ ಗೆರೆಗೆ ಒದಗಿದ ಜಾಗ. ಅಲ್ಲಿ ಒಂದು ಗೆರೆ ಬಂದರೆ ಅದು ಹೊಸ ಮಾತು ಹೇಳುತ್ತದೆ. ಟೋನ್ ಮೂರು ನಾಲ್ಕು ಮೆಟ್ಟಿಲು ಜಿಗಿಯುವ ಕಡೆ, ಉದಾಹರಣೆಗೆ ಗಾಢ ಗುಡ್ಡ ತಿಳಿ ಆಕಾಶವನ್ನು ಮುಟ್ಟುವಲ್ಲಿ, ಗೆರೆ ಹಾಕಿದರೆ ಕಬ್ಬಿಣದ ಪಟ್ಟಿ ಬಿಗಿದಂತೆ. ಟೋನ್ ಪರೀಕ್ಷೆಗೆ ಮೊಬೈಲಿನ ಕಪ್ಪು-ಬಿಳುಪು ಫಿಲ್ಟರ್ ಸಾಕು, ಆದರೆ ಕೆಲವು ಫಿಲ್ಟರುಗಳು ಕೆಂಪು, ಕಿತ್ತಳೆಗಳನ್ನು ಇರುವುದಕ್ಕಿಂತ ತಿಳಿಯಾಗಿಯೋ ಗಾಢವಾಗಿಯೋ ತೋರಿಸುತ್ತವೆ. ಕಣ್ಣು ಅರೆಮುಚ್ಚಿ ನೋಡುವ ಹಳೆಯ ಪದ್ಧತಿಯನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

‘ತಣ್ಣನೆ ಬಣ್ಣ ಹಿಂದೆ ಸರಿಯುತ್ತದೆ, ಬೆಚ್ಚನೆಯದು ಮುಂದೆ ಬರುತ್ತದೆ’ ಎಂಬ ಪಾಠವನ್ನು ಅರ್ಧ ಮಾತ್ರ ನಂಬಬೇಕು. ದೂರದ ಗುಡ್ಡ ನೀಲಿಯಾಗಿ ಕಾಣುವುದು ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಅದರ ಜೊತೆಗೇ ಟೋನ್ ತಿಳಿಯಾಗುತ್ತದೆ, ಅಂಚು ಮೆತ್ತಗಾಗುತ್ತದೆ, ಬಣ್ಣದ ತೀವ್ರತೆ ಇಳಿಯುತ್ತದೆ. ನೀಲಿಯನ್ನು ತೀವ್ರವಾಗಿ, ಹರಿತ ಅಂಚಿನೊಂದಿಗೆ ಇಟ್ಟರೆ ಅದು ಓಕರ್‌ಗಿಂತ ಮುಂದೆ ಬಂದು ನಿಲ್ಲುತ್ತದೆ. ಅಮೂರ್ತ ಚಿತ್ರದಲ್ಲಿ ಇದನ್ನು ಬೇಕೆಂದೇ ತಿರುವುಮುರುವು ಮಾಡಬಹುದು. ಮೇಲ್ಭಾಗದ ಆಕಾಶವನ್ನು ದಪ್ಪ ತಿಳಿಹಳದಿಯಲ್ಲಿ, ಬಣ್ಣ ಹಚ್ಚುವ ನೈಫಿನ ಹರಿತ ಅಂಚಿನಲ್ಲಿ ಹಾಕಿ ಮುಂದಿನ ಹೊಲವನ್ನು ಬೂದಾಗಿಸಿದರೆ ಆಳ ಮಡಚಿಕೊಂಡು ಚಿತ್ರ ಮೇಲ್ಮೈಗೆ ಬರುತ್ತದೆ. ಫ್ರೆಂಚ್ ಚಿತ್ರಕಾರ ನಿಕೊಲಾ ದ ಸ್ತಾಲ್ 1953-54ರ ಅಗ್ರಿಜೆಂಟೊ (ಸಿಸಿಲಿಯ ಊರು) ಚಿತ್ರಗಳಲ್ಲಿ ಗೆರೆಯನ್ನು ಬಹುತೇಕ ಕೈಬಿಟ್ಟು ಪಟ್ಟೆಗಳ ಅಂಚಿನಿಂದಲೇ ದಿಕ್ಕು ಹುಟ್ಟಿಸಿದ್ದನ್ನು ನೋಡಿದರೆ, ಬಣ್ಣವೊಂದೇ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯುತ್ತದೆ.

ಈಗ ಗೆರೆಗಳು. ಒಂದೇ ಬಗೆಯ ಗೆರೆಯಿಂದ ಇಡೀ ಚಿತ್ರ ಮಾಡಿದರೆ ತಂತಿ ಬಲೆಯಂತಾಗುತ್ತದೆ, ಅದಕ್ಕೆ ನಾಲ್ಕೈದು ಬಗೆ ಇಟ್ಟುಕೊಂಡಿದ್ದೇನೆ. ನನಗೆ ಅತಿ ಪ್ರಿಯವಾದದ್ದು ಎಳೆಯದೆ ಉಳಿಸಿದ ಗೆರೆ. ಎರಡು ಪಟ್ಟೆಗಳನ್ನು ಒಂದಕ್ಕೊಂದು ಮುಟ್ಟಿಸದೆ ನಡುವೆ ಎರಡು ಮೂರು ಮಿಲಿಮೀಟರ್ ಬಿಟ್ಟರೆ ಕೆಳಗಿನ ಸಿಯೆನ್ನಾ ನೆಲೆ ಬೆಚ್ಚನೆಯ ಗೆರೆಯಾಗಿ ಹೊಳೆಯುತ್ತದೆ. ನೆಲೆಗೆ ಬಣ್ಣ ಕೊಡುವ ಎರಡನೇ ಲಾಭ ಎಂದದ್ದು ಇದನ್ನೇ. ಚಪ್ಪಟೆ ಬ್ರಶ್ ಹಿಡಿದು ಪಟ್ಟೆಯನ್ನು ಅಂಚಿನ ಕಡೆಯಿಂದ ಒಳಕ್ಕೆ ಎಳೆಯಬೇಕು. ಒಳಗಿನಿಂದ ಅಂಚಿಗೆ ಎಳೆದರೆ ಬಣ್ಣ ಮುಂದೆ ತಳ್ಳಿಕೊಂಡು ಸಂದು ಮುಚ್ಚುತ್ತದೆ. ಸಂದಿನ ಅಗಲ ಉದ್ದಕ್ಕೂ ಒಂದೇ ಸಮ ಇದ್ದರೆ ಗಾಜಿನ ಕಿಟಕಿಯ ಸೀಸದ ಪಟ್ಟಿಯಂತೆ ಕಾಣುತ್ತದೆ, ಆದ್ದರಿಂದ ಒಂದೆರಡು ಕಡೆ ಮುಚ್ಚಿಬಿಡುತ್ತೇನೆ.

ಕೆರೆದ ಗೆರೆಗೆ ಸಮಯ ಮುಖ್ಯ. ಒಣಗಿದ ಗಾಢ ಪದರದ ಮೇಲೆ ತಿಳಿಬಣ್ಣವನ್ನು ನೈಫಿನಿಂದ ಒಂದು ಮಿಲಿಮೀಟರಿನಷ್ಟು ಹರಡಿ, ಬ್ರಶ್ಶಿನ ಹಿಂತುದಿಯಿಂದ ಕೆರೆದರೆ ಕೆಳಗಿನ ಗಾಢ ಕಾಣುತ್ತದೆ. ತೆಳು ಪದರವಾದರೆ ಐದು ನಿಮಿಷದಲ್ಲಿ ಮೇಲೆ ಕೆನೆಗಟ್ಟುತ್ತದೆ, ಆಮೇಲೆ ಕೆರೆದರೆ ಗೆರೆ ಬರುವುದಿಲ್ಲ, ಸಿಪ್ಪೆ ಎದ್ದು ಹರಿಯುತ್ತದೆ. ಬಿಸಿ, ಒಣ ಹವೆಯಲ್ಲಿ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಬೆರೆಸಬಹುದು. ಹೆಚ್ಚಾದರೆ ಪದರ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ, ಡಬ್ಬಿಯ ಮೇಲೆ ಬರೆದ ಪ್ರಮಾಣ ಮೀರಬಾರದು. ಉತ್ತ ಹೊಲದ ಸಾಲುಗಳಿಗೆ ಇದೇ ಗೆರೆ: ಹನ್ನೊಂದು ಸಾಲು ಕೆರೆದು ಐದನ್ನು ಮತ್ತೆ ಮುಚ್ಚಿದೆ. ಸಮಾನ ಅಂತರದ ಸಾಲು ಅಲಂಕಾರವಾಗಿಬಿಡುತ್ತದೆ.

ಉದ್ದ ಕೂದಲಿನ ರಿಗ್ಗರ್ ಬ್ರಶ್‌ನಿಂದ ಎಳೆದ ಗೆರೆಗೆ ಬಣ್ಣ ಕೆನೆಯ ಹದದಲ್ಲಿರಬೇಕು. ಬರೀ ನೀರಿನಿಂದ ತೆಳುಮಾಡಿದರೆ ಹೊಳಪಿನ ಪದರದ ಮೇಲೆ ಗೆರೆ ಮಣಿಮಣಿಯಾಗಿ ಒಡೆಯುತ್ತದೆ. ನೀರಿನ ಮೇಲ್ಮೈ ಸೆಳೆತಕ್ಕೆ ಆ ನುಣುಪು ಹಿಡಿತ ಕೊಡದು. ಕೆಳಗಿನ ಪದರಕ್ಕೆ ಮೊದಲೇ ಮ್ಯಾಟ್ ಮೀಡಿಯಂ ಹಚ್ಚುವುದು ಅಥವಾ ಗೆರೆಯ ಬಣ್ಣಕ್ಕೆ ಒಂದು ತೊಟ್ಟು ಫ್ಲೋ ಇಂಪ್ರೂವರ್ (ಬಣ್ಣ ಸರಾಗವಾಗಿ ಹರಿಯುವಂತೆ ಮಾಡುವ ದ್ರವ) ಬೆರೆಸುವುದು ಪರಿಹಾರ. ದಾರಿಯ ಓರೆಗೆರೆಯನ್ನು ಹೀಗೆ ಎಳೆದೆ, ಮೂರು ಕಡೆ ಬ್ರಶ್ ಎತ್ತಿ. ಎತ್ತಿದ ಜಾಗಗಳನ್ನು ಕಣ್ಣೇ ಜೋಡಿಸಿಕೊಳ್ಳುತ್ತದೆ.

ಮಾಸ್ಕಿಂಗ್ ಟೇಪಿನ ನೇರ ಅಂಚನ್ನು ಚಿತ್ರಕ್ಕೆ ಒಂದೇ ಸಲ ಬಳಸುತ್ತೇನೆ. ಟೇಪ್ ಅಂಟಿಸಿ, ಅಂಚಿನ ಮೇಲೆ ಮೊದಲು ಮ್ಯಾಟ್ ಮೀಡಿಯಂ ತೆಳುವಾಗಿ ಹಚ್ಚಿ ಒಣಗಲು ಬಿಟ್ಟರೆ ಟೇಪಿನಡಿಯ ಸಂದುಗಳನ್ನು ಅದೇ ತುಂಬುತ್ತದೆ, ಬಣ್ಣ ಒಳಗೆ ಸೋರುವುದಿಲ್ಲ. ಮೇಲಿನ ಬಣ್ಣ ಇನ್ನೂ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಕೀಳಬೇಕು. ಆಯಿಲ್ ಪ್ಯಾಸ್ಟೆಲ್ ಗೆರೆ ಎಲ್ಲಕ್ಕಿಂತ ಕೊನೆಗೆ. ಅದು ಎಂದೂ ಪೂರ್ತಿ ಒಣಗುವುದಿಲ್ಲ, ಎಣ್ಣೆ-ಮೇಣದ ಮೇಲೆ ಅಕ್ರಿಲಿಕ್ ಹಿಡಿಯುವುದೂ ಇಲ್ಲ. ಈ ಹೊತ್ತು ಚೆನ್ನಾಗಿ ಕಂಡರೂ ಆಮೇಲೆ ಹಾಳೆಯಂತೆ ಏಳುತ್ತದೆ.

ಗೆರೆ ಮೊದಲೋ ಬಣ್ಣ ಮೊದಲೋ ಎಂಬ ಪ್ರಶ್ನೆಗೆ ಅಮೆರಿಕದ ಇಬ್ಬರು ದೊಡ್ಡ ಚಿತ್ರಕಾರರ ಕೆಲಸದಲ್ಲೇ ಎರಡು ಉತ್ತರಗಳಿವೆ. ಹೆಲೆನ್ ಫ್ರಾಂಕೆಂತಾಲರ್ 1952ರಲ್ಲಿ ‘ಮೌಂಟನ್ಸ್ ಅಂಡ್ ಸೀ’ ಮಾಡುವಾಗ ಜೆಸ್ಸೊ ಇಲ್ಲದ ಬರೀ ಬಟ್ಟೆಯ ಮೇಲೆ ಇದ್ದಿಲಿನ ಗೆರೆ ಎಳೆದು, ತೆಳುಮಾಡಿದ ತೈಲವರ್ಣವನ್ನು ಇಂಗಿಸಿದರು. ಬಣ್ಣ ಗೆರೆಗೆ ಕಟ್ಟುಬೀಳದೆ ತನ್ನಿಷ್ಟಕ್ಕೆ ಹರಡಿದೆ. ರಿಚರ್ಡ್ ಡೀಬೆನ್‌ಕಾರ್ನ್ 1967ರಿಂದ ಮಾಡಿದ ‘ಓಷನ್ ಪಾರ್ಕ್’ ಸರಣಿಯಲ್ಲಿ ಗೆರೆ ಎಳೆದು, ಬಣ್ಣದಿಂದ ಅರ್ಧ ಮುಚ್ಚಿ, ಜರುಗಿಸಿ ಮತ್ತೆ ಎಳೆದಿದ್ದಾರೆ, ಹಳೆಯ ಗೆರೆ ಪದರದಡಿ ಕಾಣುತ್ತಲೇ ಇರುತ್ತದೆ. ನನ್ನ ದಾರಿ ಎರಡನೆಯದರ ಕಡೆಗಿದೆ. ಮುಚ್ಚುವ ಪದರವನ್ನು ಪೂರ್ತಿ ಅಪಾರದರ್ಶಕ ಮಾಡದೆ, ಬಿಳಿ ಬೆರೆತ ಬೂದು ಒಂದು ಪಾಲಿಗೆ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಪಾರದರ್ಶಕ ಪದರ, ಅಂದರೆ ಗ್ಲೇಜ್, ಆಗಿಸುವ ದ್ರವ) ಮೂರು ಪಾಲು ಹಾಕಿ ಹಚ್ಚಿದರೆ ಕೆಳಗಿನ ಇದ್ದಿಲು ಮಂಜಿನೊಳಗಿಂದ ಕಂಡಂತೆ ಉಳಿಯುತ್ತದೆ. ಒಡೆದು ನಿಂತ ಪಟ್ಟೆಗಳನ್ನು ಒಂದುಗೂಡಿಸಲು ಮಾತ್ರ ಇನ್ನೂ ತೆಳುವಾದ ಗ್ಲೇಜ್: ಓಕರ್ ಒಂದು ಪಾಲು, ಮೀಡಿಯಂ ಹತ್ತು ಪಾಲು. ಹಿಂದಿನ ಪದರ ಮುಟ್ಟಿದರೆ ತಣ್ಣಗಿದೆಯೆಂದರೆ ಒಳಗೆ ಇನ್ನೂ ತೇವವಿದೆ. ಅದರ ಮೇಲೆ ಗ್ಲೇಜ್ ಹಚ್ಚಿದರೆ ಬ್ರಶ್ ಪದರವನ್ನು ಕಿತ್ತು ತೇಪೆ ಬೀಳಿಸುತ್ತದೆ.

ಕೆಸರಾಗುವುದು ಎಲ್ಲರಿಗೂ ಗೊತ್ತಿರುವ ರೋಗ. ನೀಲಿಯ ಮೇಲೆ ಹಸಿಯಲ್ಲೇ ಕಿತ್ತಳೆ ಎಳೆದರೆ ಎದುರುಬದುರು ಬಣ್ಣಗಳು ಒಂದನ್ನೊಂದು ಕೊಲ್ಲುತ್ತವೆ. ಹಸಿಯಿದ್ದಾಗ ನೈಫಿನಿಂದ ಕೆರೆದು ತೆಗೆದುಬಿಡಬೇಕು, ಮೇಲೆ ಮತ್ತೆ ಬಣ್ಣ ಹಾಕಿ ಸರಿಮಾಡಲು ಹೋಗಬಾರದು. ಒಣಗಿದ್ದರೆ 400 ನಂಬರಿನ ಉಪ್ಪುಕಾಗದವನ್ನು ಒದ್ದೆ ಮಾಡಿ ಉಜ್ಜಿದಾಗ ಕೆಲವೊಮ್ಮೆ ಕೆಳಗಿನ ಪದರ ಅಲ್ಲಲ್ಲಿ ತೆರೆದುಕೊಂಡು, ಹಾಕಿ ಸಾಧಿಸಲಾಗದ ಒಂದು ಮೈ ಸಿಗುತ್ತದೆ. ಮಾಸ್ಕ್ ಹಾಕಿಕೊಳ್ಳುವುದು ಮರೆಯಬಾರದು, ಕ್ಯಾಡ್ಮಿಯಂ ಇರುವ ಪದರವನ್ನಂತೂ ಒಣದಾಗಿ ಉಜ್ಜಲೇಬಾರದು.

ಮುಗಿಸುವ ಮುಂಚೆ ಕ್ಯಾನ್ವಾಸನ್ನು ತಲೆಕೆಳಗು ಮಾಡಿ ಎರಡು ದಿನ ಇಡುತ್ತೇನೆ. ಗುಡ್ಡ, ನೀರು ಎಂಬ ಹೆಸರುಗಳು ಕಳಚಿಬಿದ್ದಾಗ ಸುಮ್ಮನೆ ಕೂತ ಗೆರೆಗಳು ಬೇಗ ಸಿಕ್ಕಿಬೀಳುತ್ತವೆ. ಪ್ರತಿ ಗೆರೆಯ ಮೇಲೂ ನೆಲೆಯ ಬಣ್ಣ ಹಚ್ಚಿದ ಕಾಗದದ ಪಟ್ಟಿ ಇಟ್ಟು ಹತ್ತಡಿ ದೂರದಿಂದ ನೋಡುತ್ತೇನೆ. ಇಲ್ಲದಿದ್ದರೂ ನಡೆಯುತ್ತದೆ ಎನಿಸಿದರೆ ಆ ಗೆರೆ ಹೋಗಬೇಕು. ಈ ಚಿತ್ರದಲ್ಲಿ ಇದ್ದಿಲಿನ ಏಳು ಗೆರೆಗಳಲ್ಲಿ ನಾಲ್ಕು ಉಳಿದವು. ಹೋದ ಮೂರರಲ್ಲಿ, ಕಟ್ಟಳೆ ಮೀರಿ ನುಸುಳಿದ್ದ ಗುಡ್ಡದ ಮೇಲಂಚಿನ ಗೆರೆಯೂ ಒಂದು.

ಕೊನೆಗೆ ರಕ್ಷಣೆಯ ಪದರ. ಸಾಫ್ಟ್ ಜೆಲ್ (ಹೊಳಪಿನ ಬಗೆಯ ಅಕ್ರಿಲಿಕ್ ಜೆಲ್) ಎರಡು ಪಾಲು, ನೀರು ಒಂದು ಪಾಲು ಕಲಸಿ ಅಗಲ ಬ್ರಶ್‌ನಿಂದ ಒಂದು ಕೋಟ್, ಒಣಗಿದ ಮೇಲೆ ವಾರ್ನಿಶ್. ಆಯಿಲ್ ಪ್ಯಾಸ್ಟೆಲ್ ಗೆರೆ ಇದ್ದರೆ ಇಡೀ ಚಿತ್ರಕ್ಕೆ ಈ ಕೋಟನ್ನು ಗೆರೆ ಹಾಕುವ ಮೊದಲೇ ಕೊಡಬೇಕು, ಆಮೇಲೆ ಬ್ರಶ್ ತಾಗಿದರೆ ಗೆರೆ ಬಳಿದುಕೊಂಡು ಹೋಗುತ್ತದೆ. ಮ್ಯಾಟ್ ವಾರ್ನಿಶ್ ಗಾಢ ಬಣ್ಣಗಳನ್ನು ಒಂದು ಮೆಟ್ಟಿಲು ಬೂದಾಗಿಸುತ್ತದೆ, ಅದರೊಳಗಿನ ಕಣಗಳು ಬೆಳಕನ್ನು ಚದುರಿಸುವುದರಿಂದ. ಗುಡ್ಡವೂ ಹೊಲವೂ ಒಂದೇ ಟೋನಿನಲ್ಲಿ ಕರಗುವ ಅಂಚನ್ನು ಕಷ್ಟಪಟ್ಟು ಕಟ್ಟಿದ್ದರೆ, ವಾರ್ನಿಶ್ಶನ್ನು ಮೊದಲು ಆ ಎರಡು ಬಣ್ಣಗಳನ್ನು ಹಚ್ಚಿ ನೋಡಿದ್ದ ಕಾಗದದ ತುಂಡುಗಳ ಮೇಲೆ ಹಚ್ಚಿ ನೋಡಿ, ಎರಡೂ ಒಂದೇ ಪ್ರಮಾಣದಲ್ಲಿ ಬದಲಾದವೇ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಯುತ್ತೇನೆ.